ಮುಳ್ಳು ಗಾಡಿಗಿಂತ ಮುಂದಿರಬೇಕು

ಹಳೇ ಮದ್ರಾಸ್ ರಸ್ತೆ ಯಾವಾಗ ಮಲಗುತ್ತದೋ ಯಾವಾಗ ಏಳುತ್ತದೋ ಕಂಡವರಿಲ್ಲ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಆಗಲೇ ಹೊಸಕೋಟೆ ಕಡೆಯಿಂದ ಸೊಪ್ಪು ತುಂಬಿದ ಟೆಂಪೊಗಳು ಟಿನ್ ಫ್ಯಾಕ್ಟರಿಯತ್ತ ಓಡುತ್ತಿವೆ. ಕೆ.ಆರ್. ಪುರದ ತೂಗುಸೇತುವೆಯ ದೀಪಗಳು ಆರಿಲ್ಲ. ತಲೆಯ ಮೇಲೆ ದಿನದ ಮೊದಲ ಮೆಟ್ರೊ ಖಾಲಿ ಖಾಲಿಯಾಗಿ ಹಾದುಹೋಗುತ್ತದೆ. ಕೆಳಗೆ, ಕಂಬವೊಂದರ ಪಕ್ಕದ ಸರ್ವೀಸ್ ರಸ್ತೆಯಲ್ಲಿ, ಚೂಡಿದಾರದ ಮೇಲೆ ಗಂಡಸರ ಖಾಕಿ ಶರ್ಟು ತೊಟ್ಟ ಹೆಂಗಸೊಬ್ಬರು ಮಂಡಿಯೂರಿ ಕೂತು, ಬಿಳಿ ವ್ಯಾನೊಂದರ ಚಕ್ರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾರೆ.

ಆಟೊದವನೊಬ್ಬ ನಿಧಾನ ಮಾಡಿ ಕತ್ತು ಹೊರಗೆ ಹಾಕುತ್ತಾನೆ. "ಏನಕ್ಕಾ, ಹೊಸ ಗಾಡಿ ಪೂಜೇನಾ? ನಿಂಬೆಹಣ್ಣೆಲ್ಲಿ?"

"ನೀನೇ ಬಂದು ಚಕ್ರದ ಕೆಳಗೆ ಕೂತ್ಕೊ ಗುರು, ನಿಂಬೆಹಣ್ಣಿನ ಖರ್ಚು ಉಳೀತದೆ" ಎಂದು ಅವರು ತಲೆ ಎತ್ತದೆಯೇ ಹೇಳುತ್ತಾರೆ. ಆಟೊದವನು ನಗುತ್ತಾ ಹೋಗುತ್ತಾನೆ.

ಇವರು ಆದಿಲಕ್ಷ್ಮಿ. ನಲವತ್ತರ ಅಂಚಿನ ವಯಸ್ಸು. ಮನೆ ರಾಮಮೂರ್ತಿ ನಗರದಲ್ಲಿ, ಅಂಗಡಿ ಶಿವಾಜಿನಗರದಲ್ಲಿ. ಗಾಡಿಗೆ ಬೇರೆ ಅಳತೆಯ ಟೈರು ಹಾಕಿಸಿಕೊಂಡವರಿಗೆ ಸ್ಪೀಡೊಮೀಟರನ್ನು ಮತ್ತೆ ಸರಿಹೊಂದಿಸಿ ಕೊಡುವುದು ಇವರ ಕೆಲಸ. ಇಂಥದ್ದೊಂದು ಕೆಲಸ ಇದೆ ಎಂಬುದೇ ನನಗೆ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಎದುರಿಗಿರುವ ಆ ಮುಳ್ಳು ಆಕಾಶದಿಂದ ಇಳಿದು ಬಂದ ಸತ್ಯ ಎಂದೇ ನಂಬಿದ್ದೆ.

"ಮೀಟರ್‌ಗೆ ಕಣ್ಣಿಲ್ಲ ಸಾರ್" ಎನ್ನುತ್ತಾರೆ ಆದಿಲಕ್ಷ್ಮಿ. "ಚಕ್ರ ಎಷ್ಟು ಸುತ್ತು ತಿರುಗ್ತು ಅಂತ ಎಣಿಸ್ತದೆ, ಅಷ್ಟೇ. ಟೈರ್ ದೊಡ್ಡದಾಯ್ತು ಅಂತ ಅದಕ್ಕೆ ಯಾರು ಹೇಳ್ತಾರೆ? ನಾವೇ ಹೇಳ್ಬೇಕು."

ಉದ್ದ ಕಾಲಿನವನು ಕಡಿಮೆ ಹೆಜ್ಜೆಯಲ್ಲೇ ಮುಂದೆ ಹೋಗಿಬಿಡುತ್ತಾನಲ್ಲ, ಹಾಗೆ. ಟೈರು ದೊಡ್ಡದಾದರೆ ಒಂದೊಂದು ಸುತ್ತಿಗೂ ಗಾಡಿ ಹೆಚ್ಚು ದೂರ ಹೋಗುತ್ತದೆ. ಸುತ್ತು ಎಣಿಸುವ ಮೀಟರಿಗೆ ಅದು ತಿಳಿಯದು. ಗಾಡಿ ಎಂಬತ್ತರಲ್ಲಿ ಹಾರುತ್ತಿದ್ದರೂ ಮುಳ್ಳು ಎಪ್ಪತ್ತರ ಹತ್ತಿರ ತಣ್ಣಗೆ ನಿಂತಿರುತ್ತದೆ.

ಈ ಬಿಳಿ ವ್ಯಾನು ಜಿಯಾವುಲ್ಲಾ ಅವರದು. ಶಿವಾಜಿನಗರದವರು, ಮಹದೇವಪುರದ ಕಂಪನಿಗಳಿಗೆ ನೌಕರರನ್ನು ಕರೆದೊಯ್ದು ಬಿಡುತ್ತಾರೆ. ಎರಡು ಹನಿ ಬಿದ್ದರೆ ಸಾಕು, ಮಹದೇವಪುರದ ರಸ್ತೆಗಳಿಗೆ ತಾವು ಹಿಂದೆ ಕೆರೆಯಾಗಿದ್ದದ್ದು ನೆನಪಾಗುತ್ತದೆ. ಹೋದ ಮಳೆಯಲ್ಲಿ ವ್ಯಾನಿನ ಒಳಕ್ಕೇ ನೀರು ನುಗ್ಗಿತಂತೆ. ಗಾಡಿ ಸ್ವಲ್ಪ ಎತ್ತರ ನಿಲ್ಲಲಿ ಎಂದು ದೊಡ್ಡ ಟೈರು ಹಾಕಿಸಿದ್ದಾರೆ. ಆ ಕಡೆಯ ಡ್ರೈವರುಗಳಲ್ಲಿ ಅನೇಕರದು ಈಗ ಇದೇ ಉಪಾಯ.

"ಸಾರ್, ನೀವೂ ಹತ್ತಿ ಕೂತ್ಕೊಳಿ" ಎಂದು ನನಗೆ ಅಪ್ಪಣೆಯಾಗುತ್ತದೆ. "ಖಾಲಿ ಗಾಡೀಲಿ ಅಳತೆ ತಗೊಂಡ್ರೆ ಸುಳ್ಳಾಗುತ್ತೆ. ಭಾರ ಬಿದ್ದು ಟೈರ್ ಕೂತ್ಕೊಬೇಕು. ಎಷ್ಟು ಕೆಜಿ ಇದೀರಾ?"

ಎಪ್ಪತ್ತೈದು ಎನ್ನುತ್ತೇನೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿಂದಿನ ಸೀಟಿನಲ್ಲಿ ಸಾಲಾಗಿ ಇಟ್ಟಿದ್ದ ಮರಳಿನ ಚೀಲಗಳಲ್ಲಿ ಒಂದನ್ನು ತೆಗೆದು ರಸ್ತೆಗೆ ಇಳಿಸುತ್ತಾರೆ. ಜಿಯಾವುಲ್ಲಾ ಸ್ಟೇರಿಂಗ್ ಮೇಲೆ ತಲೆ ಇಟ್ಟು ನಗುತ್ತಾರೆ. ನಾನು ಮರಳಿನ ಚೀಲಗಳ ನಡುವೆ ಇನ್ನೊಂದು ಚೀಲವಾಗಿ ಕೂರುತ್ತೇನೆ.

ಟೈರು ನೆಲಕ್ಕೆ ತಾಗಿದ ಜಾಗದಲ್ಲಿ ಟೈರಿಗೊಂದು, ನೆಲಕ್ಕೊಂದು ಗೆರೆ. ವ್ಯಾನು ಇಂಚಿಂಚೇ ಮುಂದೆ ಹೋಗುತ್ತದೆ. ಆದಿಲಕ್ಷ್ಮಿ ಚಕ್ರದ ಪಕ್ಕದಲ್ಲೇ ಬಗ್ಗಿಕೊಂಡು ನಡೆಯುತ್ತಾರೆ. ಗೆರೆ ಒಂದು ಸುತ್ತು ತಿರುಗಿ ಮತ್ತೆ ನೆಲ ಮುಟ್ಟಿದಾಗ "ಸ್ಟಾಪ್!" ಎಂದು ಕೂಗಿ ಅಲ್ಲೂ ಒಂದು ಗೆರೆ ಎಳೆದು, ಎರಡರ ನಡುವೆ ಟೇಪು ಹಿಡಿಯುತ್ತಾರೆ. ಟೈರಿನ ಮೇಲೆಯೇ ಅಳತೆ ಅಚ್ಚು ಹಾಕಿರುತ್ತಾರಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳುತ್ತೇನೆ.

"ಅದು ಟೈರ್ ಹುಟ್ಟಿದಾಗಿನ ಜಾತಕ ಸಾರ್. ಈಗ ಹೆಂಗಿದೆ ಅಂತ ಉರುಳಿಸಿದ್ರೇ ಗೊತ್ತಾಗೋದು."

ಆಮೇಲೆ ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಿ, ಮೀಟರಿಗೆ ಹೋಗುವ ವೈರಿನ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಜೋಡಿಸುತ್ತಾರೆ. ಚಕ್ರದ ಲೆಕ್ಕವನ್ನು ಹೊಸ ಟೈರಿಗೆ ತಕ್ಕಂತೆ ಬದಲಿಸಿ ಮೀಟರಿಗೆ ಒಪ್ಪಿಸುವುದು ಅದರ ಕೆಲಸ. ಹಳೆಯ ಜೀಪುಗಳಾದರೆ ಇಷ್ಟು ಸುಲಭವಿಲ್ಲ. ಅಲ್ಲಿ ಕೇಬಲ್ಲು, ಹಲ್ಲುಚಕ್ರ, ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗು. ಪೆಟ್ಟಿಗೆ ಕೂರಿಸಿದ ಮೇಲೆ ರಸ್ತೆಗಿಳಿದು ಪರೀಕ್ಷೆ. ಹಿಂದೆ ಕಿಲೋಮೀಟರ್ ಕಲ್ಲುಗಳನ್ನು ನೋಡಿ ಲೆಕ್ಕ ಹಾಕುತ್ತಿದ್ದರಂತೆ. ರಸ್ತೆ ಅಗಲವಾದಾಗ ಕಲ್ಲುಗಳು ಎಲ್ಲಿ ಹೋದವೋ ದೇವರೇ ಬಲ್ಲ. ಈಗ ಮೆಟ್ರೊ ಕಂಬಗಳೇ ಗುರುತು. ಯಾವ ಕಂಬದಿಂದ ಯಾವ ಕಂಬಕ್ಕೆ ಎಷ್ಟು ದೂರ ಎಂದು ಆದಿಲಕ್ಷ್ಮಿ ಸ್ವತಃ ಟೇಪು ಹಿಡಿದು ಅಳೆದಿಟ್ಟುಕೊಂಡಿದ್ದಾರೆ. ಮೊಬೈಲಿನಲ್ಲೇ ಸ್ಪೀಡು ಕಾಣುತ್ತದಲ್ಲ ಎಂದರೆ ನಗುತ್ತಾರೆ.

"ಫೋನಲ್ಲೂ ನೋಡ್ತೀನಿ. ಆದ್ರೆ ಮೆಟ್ರೊ ಕೆಳಗೆ ಬಂದ್ರೆ ಅದಕ್ಕೇ ದಿಕ್ಕು ತಪ್ಪುತ್ತೆ. ಒಂದೊಂದ್ಸಲ ನಮ್ಮನ್ನ ಪಕ್ಕದ ರೋಡಲ್ಲಿ ಓಡಿಸ್ತಾ ಇರುತ್ತೆ."

ಮೀಟರು ಸರಿಹೋಯಿತು. ಜಿಯಾವುಲ್ಲಾ ಹೊರಡಲು ಸಿದ್ಧ. ಆದರೆ ನಿಜವಾದ ಕೆಲಸ ಈಗ ಶುರುವಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿಲ್ಲ, ನನಗೂ ಅವರಿಗೂ. ಆದಿಲಕ್ಷ್ಮಿ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮೀಟರಿನ ಮೇಲೆ ಹೊದಿಸುತ್ತಾರೆ. "ಹೊರಡಿ ಜಿಯಾ ಭಾಯ್. ನಾನು ಕೇಳಿದಾಗ ಸ್ಪೀಡ್ ಎಷ್ಟು ಅಂತ ಹೇಳ್ಬೇಕು."

ರಸ್ತೆ ಸ್ವಲ್ಪ ಬಿಡುವಾಗಿದ್ದ ಕಡೆ ಕೇಳುತ್ತಾರೆ, "ಈಗ?"

"ನಲವತ್ತು ಅಕ್ಕ. ಅದಕ್ಕಿಂತ ಜಾಸ್ತಿ ಇಲ್ಲ."

ಟವೆಲ್ ಸರಿಸುತ್ತಾರೆ. ಐವತ್ತರ ಮೇಲಿದೆ. ಜಿಯಾವುಲ್ಲಾ ಕಣ್ಣು ಕಣ್ಣು ಬಿಡುತ್ತಾರೆ. "ಯಾ ಅಲ್ಲಾ! ಹದಿನೈದು ವರ್ಷದಿಂದ ಓಡಿಸ್ತಿದೀನಿ ಅಕ್ಕ."

"ಓಡಿಸೋಕೆ ಬರುತ್ತೆ, ಗೊತ್ತು. ಎತ್ತರ ಕೂತ್ರೆ ನೆಲ ನಿಧಾನಕ್ಕೆ ಹೋದಂಗೆ ಕಾಣುತ್ತೆ. ಈ ಗಾಡಿ ನಿನ್ನೆ ಗಾಡಿ ಅಲ್ಲ. ಇನ್ನೊಂದ್ಸಲ."

ಭಟ್ಟರಹಳ್ಳಿಯ ತನಕ ಹೋಗಿ ತಿರುಗಿ ಬರುತ್ತೇವೆ. ಮತ್ತೆ ಹೋಗುತ್ತೇವೆ. ಪ್ರತಿ ಸಲವೂ ಟವೆಲ್ಲು, ಪ್ರತಿ ಸಲವೂ ಪ್ರಶ್ನೆ. ಜಿಯಾವುಲ್ಲಾ ಹೇಳಿದ್ದಕ್ಕೂ ಮುಳ್ಳು ತೋರಿಸಿದ್ದಕ್ಕೂ ತಾಳೆಯಾಗುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. ಆಗಲೇ ಅವರಿಗೆ ಕೀ ಸಿಗುವುದು. ಕೆಲವರು ಇದಕ್ಕೆ ರೇಗುತ್ತಾರೆ. ಮೀಟರ್ ರಿಪೇರಿಗೆ ಬಂದರೆ ಡ್ರೈವಿಂಗ್ ಸ್ಕೂಲು ನಡೆಸುತ್ತೀರಾ ಎಂದು ಬೈದು ಹೋದವರೂ ಇದ್ದಾರೆ.

"ಮೀಟರ್ ಸರಿ ಮಾಡೋದು ಅರ್ಧ ಕೆಲಸ ಸಾರ್" ಎನ್ನುತ್ತಾರೆ ಆದಿಲಕ್ಷ್ಮಿ. "ಡ್ರೈವರ್ ತಲೇಲಿ ಇನ್ನೊಂದು ಮೀಟರ್ ಇರುತ್ತಲ್ಲ, ಅದನ್ನ ಸರಿ ಮಾಡೋದು ಇನ್ನರ್ಧ. ಅದು ಮಾಡ್ದೆ ಬಿಟ್ರೆ..." ಎಂದವರು ಮಾತು ಮುಗಿಸದೆ ಸೀಮೆಸುಣ್ಣವನ್ನು ಶರ್ಟಿನ ಜೇಬಿಗೆ ಹಾಕಿಕೊಳ್ಳುತ್ತಾರೆ.

ಶಿವಾಜಿನಗರಕ್ಕೆ ಹೊರಡಲು ಅವರು ತಮ್ಮ ಹಳೆಯ ಸ್ಕೂಟರನ್ನು ಸ್ಟಾರ್ಟ್ ಮಾಡಿದಾಗ ಒಂದು ಸಂಗತಿ ನನ್ನ ಕಣ್ಣಿಗೆ ಬೀಳುತ್ತದೆ. ನನ್ನ ಗಾಡಿಯಲ್ಲಿ ಸ್ವಲ್ಪ ದೂರ ಪಕ್ಕದಲ್ಲೇ ಹೋಗುತ್ತಾ ನೋಡುತ್ತೇನೆ. ಸ್ಕೂಟರು ಓಡುತ್ತಿದೆ, ಮೀಟರಿನ ಮುಳ್ಳು ಮಾತ್ರ ಸೊನ್ನೆಯ ಮೇಲೆ ಮಲಗಿದೆ. ದೀಪದ ಬುಡದಲ್ಲೇ ಕತ್ತಲೆ ಎಂದು ಸಿಗ್ನಲ್ಲಿನಲ್ಲಿ ಕೆಣಕುತ್ತೇನೆ. ಬೆಳಗಿನಿಂದ ಒಂದು ಮಾತಿಗೆ ಎರಡು ತಿರುಗಿಸಿ ಕೊಡುತ್ತಿದ್ದ ಹೆಂಗಸು, "ಇರ್ಲಿ ಬಿಡಿ ಸಾರ್" ಎಂದಷ್ಟೇ ಹೇಳಿ ಮುಂದೆ ನೋಡುತ್ತಾರೆ.

ಶಿವಾಜಿನಗರದಲ್ಲಿ ಬಿಡಿಭಾಗಗಳ ಅಂಗಡಿಗಳು ಒಂದನ್ನೊಂದು ತಳ್ಳಿಕೊಂಡು ನಿಂತ ಗಲ್ಲಿ. ಒಂದು ಕಡೆ ಹಾರನ್ ಪರೀಕ್ಷೆ, ಇನ್ನೊಂದು ಕಡೆ ಸುತ್ತಿಗೆ ಸದ್ದು, ಮಧ್ಯೆ ಸುಲೈಮಾನಿ ಚಹಾ ಹಿಡಿದು ಓಡುವವರು. ತಮಿಳು, ದಖನಿ, ಕನ್ನಡ ಒಂದೇ ವಾಕ್ಯದಲ್ಲಿ ಬಂದುಹೋಗುತ್ತವೆ. ಗಲ್ಲಿಯ ಕೊನೆಯಲ್ಲಿ, ಎರಡು ಜನ ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕಾದಷ್ಟು ಜಾಗದಲ್ಲಿ ಇವರ ಅಂಗಡಿ. ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್, ಪಕ್ಕದಲ್ಲಿ ಮುನೇಶ್ವರ ಸ್ವಾಮಿ. ಕೆಳಗಿನ ಹಲಗೆಯ ಮೇಲೆ ಬಿಚ್ಚಿದ ಮೀಟರುಗಳು, ಹಲ್ಲುಚಕ್ರಗಳು, ಮುಳ್ಳುಗಳು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬಿಳಿ ಪಂಚೆ, ಬಿಳಿ ಶರ್ಟಿನ ಹಿರಿಯರೊಬ್ಬರು ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಾರೆ. ಆದಿಲಕ್ಷ್ಮಿಯ ತಂದೆ ದೊಡ್ಡಮುನಿಯಪ್ಪ. ಗಲ್ಲಿಗೆಲ್ಲ ಮೀಟರ್ ಮುನಿಯಪ್ಪ. ಮಗಳು ಮುಂಜಾನೆ ರಸ್ತೆಯ ಕೆಲಸಕ್ಕೆ ಹೋದ ದಿನ ಅವರು ಬಸ್ಸಿನಲ್ಲಿ ಬಂದು ಬಾಗಿಲು ತೆಗೆದಿರುತ್ತಾರೆ.

ಚಿಕ್ಕ ವಯಸ್ಸಿನಲ್ಲೇ ಕೆ.ಆರ್. ಪುರದ ಆಚೆಯ ಹಳ್ಳಿಯಿಂದ ಬಂದು ಈ ಗಲ್ಲಿಯ ಗಯಾಜ್ ಸಾಹೇಬರ ಕೈಕೆಳಗೆ ಸೇರಿದವರು ದೊಡ್ಡಮುನಿಯಪ್ಪ. ಉಸ್ತಾದರು ತೀರಿಕೊಳ್ಳುವ ಮೊದಲು ಈ ಮೂಲೆಯನ್ನು ಶಿಷ್ಯನಿಗೇ ಬಿಟ್ಟುಕೊಟ್ಟರು. ಉಸ್ತಾದರು ಹೇಳಿಕೊಟ್ಟ ಮೊದಲ ಪಾಠ ಯಾವುದು ಎಂದು ಕೇಳಿದರೆ ಮುದುಕರು ಕಣ್ಣು ಮುಚ್ಚಿ ದಖನಿಯಲ್ಲೇ ಹೇಳುತ್ತಾರೆ: "ಕಾಂಟಾ ಗಾಡಿ ಕೆ ಆಗೇ ರೆಹ್ನಾ." ಮುಳ್ಳು ಯಾವಾಗಲೂ ಗಾಡಿಗಿಂತ ಮುಂದಿರಬೇಕು.

"ಗಾಡಿ ಎಪ್ಪತ್ತೆರಡು ಓಡ್ತಿದ್ರೆ ಮುಳ್ಳು ಎಂಬತ್ತು ತೋರಿಸ್ಬೇಕು ಸ್ವಾಮಿ. ಕಂಪ್ನಿಯವ್ರೂ ಸ್ವಲ್ಪ ಮೇಲೇ ಇಟ್ಟಿರ್ತಾರೆ. ಮನುಷ್ಯ ಹೆದರಿ ಕಾಲು ತೆಗೀಲಿ ಅಂತ. ನಾವು ಈ ಗಲ್ಲೀಲಿ ಯಾರೂ ಪಕ್ಕಾ ಕೂರಿಸ್ತಿರ್ಲಿಲ್ಲ. ಅದು ಸುಳ್ಳಲ್ಲ. ಅದು ಕಾಪು."

ಮೀಟರ್ ಕೆಲಸದವರಿಗೆ ಊರಿನಲ್ಲಿ ಅಂಥ ಒಳ್ಳೆಯ ಹೆಸರೇನೂ ಇಲ್ಲ. ಹಳೆಯ ಕಾರು ಮಾರುವವರು ಓಡಿದ ಕಿಲೋಮೀಟರನ್ನು ಹಿಂದಕ್ಕೆ ತಿರುಗಿಸಿ ಕೊಡಿ ಎಂದು ಇಂದಿಗೂ ಬರುತ್ತಾರೆ. ಅಂಥವರಿಗೆ ಈ ಅಂಗಡಿಯಲ್ಲಿ ಚಹಾ ಸಿಗುತ್ತದೆ, ಕೆಲಸ ಆಗುವುದಿಲ್ಲ. ಹಾಗಾಗಿ ದಿನಕ್ಕೆ ಒಂದೋ ಎರಡೋ ಗಾಡಿ. ಹೊಸ ಕಾರುಗಳಲ್ಲಿ ಎಲ್ಲವೂ ಪರದೆಯೇ. ಮುಂದೆ ಈ ಕೆಲಸ ಎಷ್ಟು ದಿನ ಇರುತ್ತದೋ ಎಂಬುದನ್ನು ಅಪ್ಪ, ಮಗಳು ಇಬ್ಬರೂ ಮಾತಾಡುವುದಿಲ್ಲ.

ಗಿರಾಕಿಯೊಬ್ಬರು ಹಳೆಯ ಜೀಪಿನ ಮೀಟರ್ ಬಿಚ್ಚಿ ತಂದಿದ್ದಾರೆ. ಆದಿಲಕ್ಷ್ಮಿ ಗಾಜು ತೆಗೆದು ಒಳಗೆ ಇಣುಕುತ್ತಾರೆ. ದೊಡ್ಡಮುನಿಯಪ್ಪ ಸ್ಟೂಲಿನ ಮೇಲಿಂದಲೇ, ಬಗ್ಗಿ ಕೂಡ ನೋಡದೆ, ಸದ್ದು ಕೇಳಿಯೇ ಹೇಳುತ್ತಾರೆ. "ಸ್ಪ್ರಿಂಗ್ ಮುಟ್ಬೇಡ. ಕೆಳಗಡೆ ಮ್ಯಾಗ್ನೆಟ್ ಒರೆಸು. ಇನ್ನೂ ಸ್ವಲ್ಪ. ಹಾಂ." ಮಗಳ ಕೈ ಹಾಗೆಯೇ ನಡೆಯುತ್ತದೆ. ಒಂದು ಚಿಕ್ಕ ಸ್ಕ್ರೂ ಉರುಳಿ ಅವರ ಪಾದದ ಹತ್ತಿರವೇ ಬೀಳುತ್ತದೆ. ಅವರು ಅದನ್ನು ನೋಡುತ್ತಾರೆ. ಎತ್ತುವುದಿಲ್ಲ. ಆದಿಲಕ್ಷ್ಮಿ ಕೆಲಸ ಬಿಟ್ಟು ಎದ್ದು ಬಂದು ಎತ್ತಿಕೊಳ್ಳುತ್ತಾರೆ.

ನನಗೆ ಬುದ್ಧಿ ಸ್ವಲ್ಪ ತಡ. ವಯಸ್ಸಾಗಿ ಕೈ ನಡುಗುತ್ತಿರಬೇಕು ಎಂದುಕೊಂಡು ಅದನ್ನೇ ಕೇಳಿಬಿಡುತ್ತೇನೆ. ದೊಡ್ಡಮುನಿಯಪ್ಪ ತೊಡೆಯ ಕೆಳಗಿಂದ ಕೈಗಳನ್ನು ತೆಗೆದು ನನ್ನ ಮುಂದೆ ಚಾಚುತ್ತಾರೆ. ಗಂಟು ಬಿದ್ದ ಬೆರಳುಗಳು, ಆದರೆ ಒಂದೂ ಅಲುಗುವುದಿಲ್ಲ.

"ನಡುಗಲ್ಲ ಸ್ವಾಮಿ" ಎನ್ನುತ್ತಾರೆ. "ಅದಕ್ಕೇ ಹೆದರಿಕೆ."

ಕೈಗಳು ಮತ್ತೆ ತೊಡೆಯ ಕೆಳಗೆ ಹೋಗುತ್ತವೆ. ಆಮೇಲೆ ಅವರು ನನ್ನೊಂದಿಗೆ ಹೆಚ್ಚು ಮಾತಾಡುವುದಿಲ್ಲ. ಮಧ್ಯಾಹ್ನ ಮಗಳು ನನ್ನನ್ನು ಗಲ್ಲಿಯ ತುದಿಯ ಚಹಾ ಅಂಗಡಿಗೆ ಕರೆದುಕೊಂಡು ಹೋಗಿ ಉಳಿದದ್ದನ್ನು ಹೇಳುತ್ತಾರೆ. ಬರೆಯಬಹುದೇ ಎಂದು ಕೇಳಿದೆ. "ಬರೀರಿ. ಅಪ್ಪನ್ನ ಕೇಳಿದೀನಿ, ಬೇಡ ಅನ್ಲಿಲ್ಲ" ಎಂದರು.

ಆದಿಲಕ್ಷ್ಮಿಯ ಗಂಡ ಮುನಿರಾಜು. ಟೂರಿಸ್ಟ್ ಗಾಡಿ ಓಡಿಸುತ್ತಿದ್ದರು. ಆದಿಲಕ್ಷ್ಮಿ ಮಹದೇವಪುರದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಬ್ಬಳೇ ಮಗಳು ತೇಜಶ್ರೀ, ಈಗ ಪಿಯುಸಿ ಓದುತ್ತಿದ್ದಾಳೆ. ಮಾವ ಮತ್ತು ಅಳಿಯನದು ಗೆಳೆಯರಂಥ ಸಂಬಂಧ. ಮಾವನನ್ನು ಕೆಣಕದಿದ್ದರೆ ಮುನಿರಾಜುಗೆ ಅನ್ನ ಸೇರುತ್ತಿರಲಿಲ್ಲವಂತೆ.

"ನಿಮ್ಮ ಮೀಟರೆಲ್ಲ ಸುಳ್ಳುಬುರುಕ ಮೀಟರ್ ಮಾವ, ಎಂಬತ್ತು ಅಂತದೆ, ನಾನು ಎಪ್ಪತ್ತೆರಡು ಅಂತ ಓದ್ಕೊತೀನಿ ಅನ್ನೋರು. ಅಪ್ಪ ನಗೋರು. ದಿನಾ ಇದೇ" ಎಂದು ಆದಿಲಕ್ಷ್ಮಿ ಹೇಳುತ್ತಾರೆ. ಹೇಳುವಾಗ ಅವರೂ ನಗುತ್ತಾರೆ, ಆ ನಗು ಅರ್ಧಕ್ಕೇ ನಿಲ್ಲುತ್ತದೆ.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಮುನಿರಾಜು ಅವರ ಗಾಡಿ ಎರಡು ಸಲ ನೀರು ಕುಡಿದು ನಿಂತಿತು. ಅವರೂ ದೊಡ್ಡ ಟೈರು ಹಾಕಿಸಿದರು. ಮೀಟರ್ ಸರಿಹೊಂದಿಸಲು ಗಾಡಿ ಮಾವನ ಹತ್ತಿರ ಬಂತು. ಆ ಸಲ ದೊಡ್ಡಮುನಿಯಪ್ಪ ಉಸ್ತಾದರ ಪಾಠವನ್ನು ಮೊದಲ ಬಾರಿಗೆ ಪಕ್ಕಕ್ಕಿಟ್ಟರು. ಊರಿನವರಿಗೆಲ್ಲ ಸ್ವಲ್ಪ ಮೇಲೆ ತೋರಿಸುವ ಮೀಟರ್ ಇರಲಿ, ಮನೆಯ ಅಳಿಯನಿಗೆ ಒಂದು ಕೂದಲೆಳೆಯೂ ಸುಳ್ಳಿಲ್ಲದ ಮೀಟರ್ ಮಾಡಿಕೊಡುತ್ತೇನೆ ಎಂದು ಹಟ ಹಿಡಿದರು. ಎರಡು ದಿನ ಕೂತು ಮಾಡಿದರು. ಆ ಗಾಡಿಯ ಮುಳ್ಳು ಎಂಬತ್ತು ಎಂದರೆ ಎಂಬತ್ತೇ. ಕೀ ಕೊಡುವಾಗ, "ತಗೊಳಪ್ಪ, ಇನ್ನು ನನ್ನನ್ನ ಸುಳ್ಳುಬುರುಕ ಅನ್ಬೇಡ" ಎಂದಿದ್ದರು. ಮುನಿರಾಜು ಮಾವನನ್ನು ತಬ್ಬಿಕೊಂಡು ಗಲ್ಲಿಗೆಲ್ಲ ಚಹಾ ಕೊಡಿಸಿದ್ದರು.

ಮೀಟರು ಬದಲಾಯಿತು. ಮುನಿರಾಜು ತಲೆಯೊಳಗಿನ ಲೆಕ್ಕ ಬದಲಾಗಲಿಲ್ಲ. ಎಷ್ಟೋ ವರ್ಷದಿಂದ ಕಾಲಿಗೂ ಕಣ್ಣಿಗೂ ಅಂಟಿಕೊಂಡ ಅಭ್ಯಾಸ ಅದು. ಎಂಬತ್ತು ಕಂಡರೆ ಎಪ್ಪತ್ತೆರಡು, ಅರವತ್ತು ಕಂಡರೆ ಐವತ್ತನಾಲ್ಕು. ಒಂದು ಮಧ್ಯಾಹ್ನ ಕೋಲಾರದಲ್ಲಿ ಪ್ರಯಾಣಿಕರನ್ನು ಇಳಿಸಿ ಒಬ್ಬರೇ ವಾಪಸ್ಸು ಬರುತ್ತಿದ್ದರು. ಮಳೆ ಹಿಡಿದಿತ್ತು. ಇಳಿಜಾರಿನಲ್ಲಿ ಒಂದು ತಿರುವು. ಸಾವಿರ ಸಲ ಬಂದ ದಾರಿ, ಅಲ್ಲಿ ಯಾವಾಗಲೂ ಮುಳ್ಳು ಎಲ್ಲಿರಬೇಕೋ ಅಲ್ಲೇ ಇಟ್ಟುಕೊಂಡು ತಿರುಗಿಸಿರಬೇಕು. ಆದರೆ ಈ ಸಲ ಮುಳ್ಳು ಹೇಳಿದ್ದು ಪೂರಾ ನಿಜವಾಗಿತ್ತು. ದೊಡ್ಡ ಟೈರಿನ ಎತ್ತರದ ಗಾಡಿ ತಿರುವಿನಲ್ಲಿ ನಿಲ್ಲಲಿಲ್ಲ.

ಮಳೆ, ಜಾರುವ ರಸ್ತೆ, ಗಾಡಿಯ ಎತ್ತರ ಎಂದರು ಪೊಲೀಸರು. ಗಲ್ಲಿಯವರೂ ಹಾಗೆಯೇ ಹೇಳಿದರು. ಅದು ನಿಜವೂ ಇರಬಹುದು. ಮುನಿರಾಜು ಆ ಕ್ಷಣ ಏನು ನೋಡಿದರು, ಏನು ಲೆಕ್ಕ ಹಾಕಿದರು ಎಂಬುದು ಯಾರಿಗೂ ತಿಳಿಯುವಂತಿಲ್ಲ. ಆದರೆ ದೊಡ್ಡಮುನಿಯಪ್ಪ ತಮ್ಮ ಮನಸ್ಸಿನಲ್ಲಿ ತೀರ್ಪು ಬರೆದಾಗಿತ್ತು. ಆಸ್ಪತ್ರೆಯ ಶವಾಗಾರದ ಹೊರಗೆ ಮಗಳು ಅಪ್ಪನನ್ನು ಒಂದೇ ಒಂದು ಮಾತು ಕೇಳಿದರು.

"ಅಪ್ಪ, ಮೀಟರ್ ಸರಿಯಾಗಿತ್ತಾ ಅಂದೆ. ಸರಿಯಾಗಿತ್ತಮ್ಮ, ಅದೇ ತಪ್ಪಾಯ್ತು ಅಂದ್ರು."

ಚಹಾ ಲೋಟ ಮೇಜಿನ ಮೇಲೆ ತಣ್ಣಗಾಗುತ್ತದೆ. ತಪ್ಪು ಕೆಲಸ ಮಾಡಿ ನೋಯುವವರನ್ನು ಕಂಡಿದ್ದೇನೆ. ಪ್ರೀತಿಯಿಂದ, ಜೀವಮಾನದ ಅತ್ಯುತ್ತಮ ಕೆಲಸ ಮಾಡಿ ಹೀಗೆ ನೋಯುವವರನ್ನು ಕಂಡಿರಲಿಲ್ಲ.

"ಸುಳ್ಳು ಯಾಕೆ ಹೇಳ್ಲಿ, ಕೋಪ ಬಂತು ಸಾರ್" ಎನ್ನುತ್ತಾರೆ ಆದಿಲಕ್ಷ್ಮಿ. "ತಿಂಗಳುಗಟ್ಟಲೆ ಅಪ್ಪನ ಮುಖ ನೋಡ್ಲಿಲ್ಲ. ತಟ್ಟೆ ಇಟ್ಟು ಎದ್ದು ಹೋಗ್ಬಿಡ್ತಿದ್ದೆ. ಅವ್ರೂ ಏನೂ ಕೇಳ್ತಿರ್ಲಿಲ್ಲ. ಬೆಳಿಗ್ಗೆ ಅಂಗ್ಡಿಗೆ ಬರೋರು, ಬಾಗ್ಲು ತೆಗೆಯೋರು, ಹಿಂಗೇ ಕೈ ಅಡಿಗಿಟ್ಕೊಂಡು ಕೂತಿರೋರು. ಯಾರಾದ್ರೂ ಬಂದ್ರೆ ಈಗ ಮಾಡಲ್ಲಪ್ಪ ಅಂತ ಕಳಿಸ್ಬಿಡೋರು."

ಒಂದು ದಿನ ಬುತ್ತಿ ಕೊಡಲು ಬಂದಾಗ ಆದಿಲಕ್ಷ್ಮಿ ಕಂಡದ್ದು ಮೀಟರ್ ಹಿಡಿದುಕೊಂಡು ಸಪ್ಪೆ ಮುಖ ಮಾಡಿ ಹೊರಟಿದ್ದ ಲಾರಿ ಚಾಲಕನನ್ನು. ಅವನಿಗೆ ಅಂದೇ ಊರು ಬಿಡಬೇಕಿತ್ತು. ಮೀಟರ್ ಇಲ್ಲದೆ ಹೆಂಗಪ್ಪಾ ಓಡಿಸ್ತೀಯ ಎಂದರೆ ಅಂದಾಜಲ್ಲೇ ಎಂದನಂತೆ. ಅಂದಾಜು ಎಂಬ ಮಾತು ಆದಿಲಕ್ಷ್ಮಿಗೆ ಚುಚ್ಚಿತು. ಇಲ್ಲಿ ಕೊಡು ಎಂದು ಅವನ ಕೈಯಿಂದ ಮೀಟರ್ ಇಸಿದುಕೊಂಡು ಹಲಗೆಯ ಮುಂದೆ ಕೂತರು. ತಿಂಗಳುಗಳ ಮೇಲೆ ಅಪ್ಪನ ಜೊತೆ ಆಡಿದ ಮೊದಲ ಮಾತು, "ಏನ್ ಮಾಡ್ಬೇಕು ಹೇಳಿ."

ದೊಡ್ಡಮುನಿಯಪ್ಪ ಗೋಡೆ ನೋಡಿಕೊಂಡು, "ಮೊದ್ಲು ಗಾಜು ತೆಗಿ" ಎಂದರಂತೆ.

ಹಾಗೆ ಶುರುವಾಯಿತು ಪಾಠ. ಗಾರ್ಮೆಂಟ್ಸ್ ಕೆಲಸ ಬಿಟ್ಟರು. ಸೂಜಿ ಹಿಡಿದು ಪಳಗಿದ ಬೆರಳುಗಳಿಗೆ ಮೀಟರಿನ ನಾಜೂಕು ಬೇಗ ಒಲಿಯಿತು. ಹೆಂಗಸು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಕೆಲಸ ಮಾಡುವುದನ್ನು ನೋಡಲು ಗಲ್ಲಿಯಲ್ಲಿ ಮೊದಮೊದಲು ಜನ ಸೇರುತ್ತಿದ್ದರು. ಆದಿಲಕ್ಷ್ಮಿ ಗಂಡನ ಡ್ರೈವರ್ ಶರ್ಟನ್ನು ಮೇಲೆ ತೊಟ್ಟುಕೊಂಡು ಬರತೊಡಗಿದರು. ಈಗ ನೋಡಲು ಯಾರೂ ನಿಲ್ಲುವುದಿಲ್ಲ. ಮೀಟರಿನ ಮೇಲೆ ಟವೆಲ್ ಹೊದಿಸುವ ಪದ್ಧತಿ ಮಾತ್ರ ಅಪ್ಪ ಕಲಿಸಿದ್ದಲ್ಲ, ಉಸ್ತಾದರದ್ದೂ ಅಲ್ಲ. ಅದು ಇವರದೇ. ಅದು ಯಾಕೆ ಎಂದು ಬೆಳಿಗ್ಗೆ ನಾನು ಕೇಳಿರಲಿಲ್ಲ. ಈಗ ಕೇಳುವ ಅಗತ್ಯವಿಲ್ಲ.

ಅಪ್ಪನ ಮೇಲೆ ಕೋಪ ಈಗಲೂ ಇದೆಯೇ ಎಂದು ಮೆಲ್ಲಗೆ ಕೇಳುತ್ತೇನೆ.

"ಕೆಲ್ಸ ಕಲ್ತ ಮೇಲೆ ಹೋಯ್ತು ಸಾರ್. ಅಷ್ಟು ಕರೆಕ್ಟಾಗಿ ಮುಳ್ಳು ಕೂರಿಸೋದು ಎಷ್ಟು ಕಷ್ಟ ಅಂತ ಈಗ ಗೊತ್ತು. ನಂಗೆ ಇವತ್ತಿಗೂ ಬರಲ್ಲ. ಅವ್ರು ಮಾಡಿದ್ರಲ್ಲಿ ತಪ್ಪಿಲ್ಲ. ಪ್ರೀತಿ ಒಂದು ಕೈ ಜಾಸ್ತಿ ಆಯ್ತು, ಅಷ್ಟೇ."

"ಅವರಿಗೆ ಹೇಳಿದ್ದೀರಾ?"

"ಎಷ್ಟೋ ಸಲ. ಬಾಯಲ್ಲಿ ಹೇಳಿದ್ದು ಅಪ್ಪನ ತನಕ ಹೋಗಲ್ಲ" ಎಂದು ಲೋಟ ಕೆಳಗಿಡುತ್ತಾರೆ. "ತೇಜು ಚಿಕ್ಕವಳಿದ್ದಾಗ ಸ್ಕೂಟರ್ ಮೇಲೆ ಮೂವರು ಹೋಗ್ತಿದ್ವಿ. ತಾತ, ಈಗ ಸ್ಪೀಡ್ ಎಷ್ಟು ಅಂತ ಕೇಳೋಳು. ಅಪ್ಪ ಹಿಂದೆ ಕೂತು ಕಣ್ಣು ಮುಚ್ಕೊಂಡು, ಕಿವಿಗೆ ಬಡಿಯೋ ಗಾಳೀಲೇ ಹೇಳೋರು. ಮೀಟರ್ ನೋಡಿದ್ರೆ ಅಷ್ಟೇ ಇರ್ತಿತ್ತು. ಈಗ ಅವಳು ಕೇಳಲ್ಲ. ಇವ್ರೂ ಹೇಳಲ್ಲ."

ಸಂಜೆ ಮಸೀದಿಯ ಅಜಾನ್ ಮುಗಿಯುವ ಹೊತ್ತಿಗೆ ಗಲ್ಲಿಯ ಶಟರುಗಳು ಒಂದೊಂದೇ ಇಳಿಯುತ್ತವೆ. ದೊಡ್ಡಮುನಿಯಪ್ಪ ಅಂಗಡಿಗೆ ಬೀಗ ಹಾಕುತ್ತಿದ್ದಾರೆ. ಬೀಗ, ಶಟರು, ಬುತ್ತಿ ಚೀಲ, ಇವನ್ನೆಲ್ಲ ಅವರ ಕೈ ಮುಟ್ಟುತ್ತದೆ. ಮೀಟರ್ ಒಂದನ್ನು ಬಿಟ್ಟು. ನಾನು ಆದಿಲಕ್ಷ್ಮಿಯ ಸ್ಕೂಟರ್ ಪಕ್ಕ ನಿಂತು ಸೊನ್ನೆಯ ಮೇಲೆ ಮಲಗಿದ ಆ ಮುಳ್ಳನ್ನು ಮತ್ತೆ ನೋಡುತ್ತೇನೆ. ಈ ಸಲ ಕೆಣಕುವ ಧೈರ್ಯ ನನಗಿಲ್ಲ. ಅವರೇ ಹೇಳುತ್ತಾರೆ.

"ನಮ್ಮನೆಯವ್ರು ತೀರ್ಕೊಂಡ ವಾರಾನೇ ಅಪ್ಪ ಬಿಚ್ಚಿದ್ದು ಸಾರ್. ನಿನ್ನ ಮುಂದೆ ಮುಳ್ಳು ಏಳೋದು ನೋಡೋಕಾಗಲ್ಲಮ್ಮ ಅಂದ್ರು."

ಮುಂದಿನ ಚಕ್ರದ ಹತ್ತಿರ ಬಗ್ಗಿ ತೋರಿಸುತ್ತಾರೆ. ಮೀಟರಿಗೆ ಹೋಗಬೇಕಾದ ಕೇಬಲ್ಲಿನ ತುದಿ ಬಿಟ್ಟುಕೊಂಡಿದೆ. ಆದರೆ ಜೋತುಬಿದ್ದಿಲ್ಲ. ಅದಕ್ಕೆ ಧೂಳು ಹೋಗದಂತೆ ಪ್ಲಾಸ್ಟಿಕ್ ಸುತ್ತಿ, ದಾರದಿಂದ ಅಚ್ಚುಕಟ್ಟಾಗಿ ಕಟ್ಟಿಡಲಾಗಿದೆ. ದಾರ ಹೊಸದು. ಒಳಗೆ ಗ್ರೀಸ್ ಇನ್ನೂ ಹಸಿಯಾಗಿದೆ.

"ಇದು ನಂದಲ್ಲ. ನಾನು ಅಡುಗೆಮನೇಲಿದ್ದಾಗ ಬಂದು ಗ್ರೀಸ್ ಹಚ್ಚಿ ಮತ್ತೆ ಕಟ್ಟಿಡ್ತಾರೆ. ನಂಗೆ ಗೊತ್ತಿಲ್ಲ ಅಂತ ಅಂದ್ಕೊಂಡಿದಾರೆ. ಕಿತ್ತು ಬಿಸಾಕಿಲ್ಲ ನೋಡಿ."

ದೊಡ್ಡಮುನಿಯಪ್ಪ ಬೀಗ ಎಳೆದು ನೋಡಿ, ಬುತ್ತಿ ಚೀಲ ಹಿಡಿದು ನಿಧಾನಕ್ಕೆ ಬರುತ್ತಾರೆ. ನನಗೆ ಕೈ ಮುಗಿಯುತ್ತಾರೆ. ಹಿಂದಿನ ಸೀಟಿಗೆ ಹತ್ತುವ ಮೊದಲು ಪಂಚೆಯ ತುದಿಯಿಂದ ಸ್ಕೂಟರಿನ ಮೀಟರ್ ಗಾಜನ್ನು ಒಂದು ಸಲ ಒರೆಸುತ್ತಾರೆ, ದೇವರ ಪಟ ಒರೆಸುವ ಹಾಗೆ. ಆಮೇಲೆ ಹತ್ತಿ ಕೂತು ಮಗಳ ಭುಜದ ಮೇಲೆ ಕೈ ಇಡುತ್ತಾರೆ. ಇವರು ಹೀಗೇ ಹಲಸೂರು ದಾಟಿ, ಟಿನ್ ಫ್ಯಾಕ್ಟರಿಯ ಗದ್ದಲ ದಾಟಿ, ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆ ಎಂದು ಇಬ್ಬರೂ ಕೇಳಿಕೊಳ್ಳದೆ ಮನೆ ಸೇರುತ್ತಾರೆ.

ಅಪ್ಪ ಹತ್ತುವ ಮೊದಲು, ಅವರಿಗೆ ಕೇಳದಷ್ಟು ಮೆಲ್ಲಗೆ, ಆದಿಲಕ್ಷ್ಮಿ ನನಗೆ ಹೇಳಿದ ಮಾತು ಇದು:

"ಜೋಡಿಸೋಕೆ ಒಂದು ನಿಮಿಷದ ಕೆಲ್ಸ. ನಂಗೆ ಬರಲ್ಲ ಅಂತಲ್ಲ. ಅಪ್ಪನೇ ಜೋಡಿಸ್ಬೇಕು ಸಾರ್. ಆಮೇಲೆ ಅದು ಎಷ್ಟಾದ್ರೂ ತೋರಿಸ್ಲಿ, ನಾನು ನಂಬ್ತೀನಿ."